ನೀಲುವಿನ ಬಾಯಿಗೆ ಏನು ಕೊಡುವುದು

ಪೂವಮ್ಮನಿಗೂ ಒಂದು ಗುಟ್ಟು ಇದ್ದೀತು ಎಂದು ಪೆರಾಬೆಯಲ್ಲಿ ಯಾರೂ ಎಣಿಸಿರಲಿಕ್ಕಿಲ್ಲ. ಅಂಗಳದಲ್ಲಿ ನಿಂತು ಮಾತಾಡಿದರೆ ಆಚೆ ಗುಡ್ಡೆಯವರಿಗೂ ಕೇಳುವ ಗಂಟಲು ಅವಳದು. ಸಾರಿಗೆ ಉಪ್ಪು ಹೆಚ್ಚಾದರೂ ಅದನ್ನು ಊರಿಗೆಲ್ಲ ತಾನೇ ಹೇಳಿ ಮುಗಿಸುವವಳು. ಹದಿನಾರಕ್ಕೆ ಮದುವೆಯಾಗಿ, ಹದಿನೆಂಟಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡು, ಬರಿಗೈಯಲ್ಲಿ ತವರಿಗೆ ಬಂದವಳು. ತಾಯಿ ಸತ್ತ ಮೇಲೆ ಪುಟ್ಟ ತಮ್ಮ ಪದ್ಮಯ್ಯನನ್ನು ಸಾಕಿದಳು. ಅವನಿಗೆ ಓದಿದ ಹುಡುಗಿಯೇ ಆಗಬೇಕೆಂದು ಹಟ ಹಿಡಿದು ಸುಳ್ಯದ ಕಡೆಯಿಂದ ಕಮಲಾವತಿಯನ್ನು ತಂದವಳೂ ಅವಳೇ.

ಕಮಲಾವತಿ ಆಲಂಕಾರಿನ ಶಾಲೆಯಲ್ಲಿ ಟೀಚರು. ಪದ್ಮಯ್ಯನಿಗೆ ಕಬಕದ ಹತ್ತಿರ ಮರದ ಮಿಲ್ಲಿನಲ್ಲಿ ಕೆಲಸ. ಶನಿವಾರ ಸಂಜೆಯ ಬಸ್ಸಿಗೆ ಬಂದರೆ ಸೋಮವಾರ ಬೆಳಿಗ್ಗೆ ಹೊರಡುವುದು. ಸಾವಿರದ ಒಂಬೈನೂರ ಅರುವತ್ತೊಂದರಲ್ಲಿ ಅವರಿಗೆ ಹೆಣ್ಣುಮಗು ಹುಟ್ಟಿತು. ನೀಲಾವತಿ ಎಂದು ಹೆಸರಿಟ್ಟರು, ಕರೆಯುವುದು ನೀಲು ಎಂದು. ಮಗುವಿಗೆ ಮೂರು ತಿಂಗಳಾಗುವಷ್ಟರಲ್ಲಿ ಟೀಚರ ರಜೆ ಮುಗಿಯಿತು.

"ನೀನು ಹೋಗು ಮಾರಾಯ್ತಿ. ಮಗುವಿನ ಚಿಂತೆ ನನಗೆ ಬಿಡು," ಎಂದಳು ಪೂವಮ್ಮ.

ಹೇಳುವುದು ಸುಲಭ. ಒಳಲೆಯಲ್ಲಿ ದನದ ಹಾಲು ಕುಡಿಸಿದರೆ ನೀಲುವಿನ ಹೊಟ್ಟೆಯೇನೋ ತುಂಬುತ್ತಿತ್ತು, ಬಾಯಿಗೆ ಮಾತ್ರ ಸಮಾಧಾನವಿಲ್ಲ. ಏನಾದರೂ ಚೀಪಬೇಕು. ಪೂವಮ್ಮ ತೊಟ್ಟಿಲು ತೂಗಿದಳು, ಹೆಗಲಿಗೆ ಹಾಕಿ ಅಂಗಳ ಸುತ್ತಿದಳು, ಚಮಚದಲ್ಲಿ ತಟ್ಟೆ ಬಡಿದು ಕುಣಿದಳು. ಮೂರನೆಯ ದಿನ ಮಧ್ಯಾಹ್ನ, ಅತ್ತು ಅತ್ತು ಕೆಂಪಾದ ಮಗು ಅವಳ ಎದೆಗೆ ಮುಖ ಉಜ್ಜತೊಡಗಿತು. ಅವಳು ಬಾಗಿಲು ಮುಂದೆ ಮಾಡಿ, ಗೋಡೆಗೆ ಒರಗಿ ಕುಳಿತು, ಮಗುವನ್ನು ಎದೆಗೆ ಹಚ್ಚಿಕೊಂಡಳು. ಅಲ್ಲಿ ಎಂದೂ ಹಾಲು ಬಂದದ್ದಿಲ್ಲ. ಮಗುವಿಗೆ ಅದರ ಗೊಡವೆಯೇ ಇರಲಿಲ್ಲ. ಚೀಪುತ್ತಾ ಚೀಪುತ್ತಾ ನಿದ್ದೆ ಹೋಯಿತು. ನಲವತ್ತೆರಡು ವರ್ಷದ ಪೂವಮ್ಮನಿಗೆ ಅಳು ಬಂತು. ಇಷ್ಟು ಸಂತೋಷವೂ ತನಗೆ ಬರೆದಿತ್ತೇ ಎಂದು ಅವಳು ಅಲುಗಾಡದೆ ಕುಳಿತಳು.

ಅದೇ ಗುಟ್ಟು. ಮೊಮ್ಮಕ್ಕಳ ಅಳು ನಿಲ್ಲಿಸಲು ಅಜ್ಜಿಯಂದಿರು ಬತ್ತಿದ ಎದೆ ಕೊಟ್ಟರೆ ಯಾರೂ ತಿರುಗಿಯೂ ನೋಡುವುದಿಲ್ಲ. ಆದರೆ ಅವರು ಹೆತ್ತವರು. ಹೆರದ ವಿಧವೆಯೊಬ್ಬಳು ಹೀಗೆ ಮಾಡಿದಳೆಂದರೆ ನಾಲ್ಕು ಜನ ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಊರಿನವರು ನಕ್ಕರೆ ನಗಲಿ; ಕಮಲಾವತಿ ಏನೆಂದುಕೊಂಡಾಳು ಎಂಬುದೇ ಹೆದರಿಕೆ.

ಹೀಗಿರುವಾಗ ಒಂದು ಶನಿವಾರ ಪದ್ಮಯ್ಯ ಪುತ್ತೂರಿನ ಮೂಸಕುಂಞಿಯ ಅಂಗಡಿಯಿಂದ ಒಂದು ವಸ್ತು ತಂದ. ಬಳೆಯಂಥ ಉಂಗುರಕ್ಕೆ ಕೂರಿಸಿದ ರಬ್ಬರಿನ ತೊಟ್ಟು.

"ಇದೆಂತದು?"

"ನಿಪ್ಪಲ್ ಅಕ್ಕ. ಹಾಲು ಬರುದಿಲ್ಲ, ಸುಮ್ಮನೆ ಚೀಪ್ಲಿಕ್ಕೆ. ಪೇಟೆಯ ಮಕ್ಕಳೆಲ್ಲ ಈಗ ಇದನ್ನೇ ಚೀಪುದಂತೆ. ನಿಂಗೂ ಸ್ವಲ್ಪ ಪುರುಸೊತ್ತು."

ಕಮಲಾವತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಕೊಡ್ಬಹುದಾ ಬೇಡ್ವಾ ನಂಗೆ ಗೊತ್ತಾಗುದಿಲ್ಲ. ಹಗಲಿಡೀ ಮಗುವನ್ನು ನೋಡಿಕೊಳ್ಳುದು ನೀವು. ನೀವು ಹೇಳಿದ ಹಾಗೆ ಅತ್ತಿಗೆ."

"ಬೇಡ," ಎಂದಳು ಪೂವಮ್ಮ, ಯೋಚಿಸುವ ಮೊದಲೇ. "ಹಲ್ಲು ಮುಂದೆ ಬರ್ತದೆ. ನಾಳೆ ಹೆಣ್ಣು ನೋಡ್ಲಿಕ್ಕೆ ಬಂದವರಿಗೆ ಇವನು ಉತ್ತರ ಕೊಡ್ತಾನಾ?"

ಒಂದು ಹಲ್ಲೂ ಮೂಡದ ಮಗಳ ಮದುವೆಯ ಚಿಂತೆ ಕೇಳಿ ಗಂಡ ಹೆಂಡತಿ ಬಿದ್ದು ಬಿದ್ದು ನಕ್ಕರು. ನಿಪ್ಪಲ್ ಡಬ್ಬಿ ಸೇರಿತು. ಹಲ್ಲಿನ ಸಂಗತಿ ನಿಜವೋ ಸುಳ್ಳೋ ಪೂವಮ್ಮನಿಗೇನು ಗೊತ್ತು? ಆ ರಬ್ಬರು ಮಗುವಿನ ಬಾಯಿಗೆ ಹೋದರೆ ಮಗು ಮತ್ತೆ ತನ್ನ ಎದೆಗೆ ಬರುವುದಿಲ್ಲ, ಅಷ್ಟು ಗೊತ್ತಿತ್ತು.

ಬುಧವಾರ ಸಂಜೆ ಕಮಲಾವತಿ ಓಡುತ್ತಲೇ ಎಂಬಂತೆ ಮನೆಗೆ ಬಂದಳು. ಹಾಲು ಕಟ್ಟಿ ರವಿಕೆ ಒದ್ದೆಯಾಗಿತ್ತು. ಅವಳು ಕೈ ಚಾಚಿದರೆ, ನೀಲು ಮುಖ ತಿರುಗಿಸಿ ಪೂವಮ್ಮನ ಸೆರಗನ್ನು ಜಗ್ಗಿ ಎದೆಯನ್ನು ತಡಕಿತು.

"ಓಹೋ, ಅಮ್ಮನ ಗುರ್ತ ಇಲ್ವಾ ನಿಂಗೆ?" ಎಂದು ಕಮಲಾವತಿ ನಕ್ಕಳು. ನಗು ಅರ್ಧಕ್ಕೇ ನಿಂತಿತು, ಕಣ್ಣು ತುಂಬಿತು.

ಹಾಲು ಇರುವವಳು ಅಲ್ಲಿ ನಿಂತಿದ್ದಾಳೆ, ಮಗು ಹಾಲಿಲ್ಲದವಳಲ್ಲಿ ಹುಡುಕುತ್ತಿದೆ. ಇಷ್ಟು ದಿನ ತಾನು ಕದ್ದು ತಿಂದಂತಾಯಿತು ಎಂದು ಪೂವಮ್ಮನಿಗೆ ಆ ರಾತ್ರಿ ಅನ್ನ ಸೇರಲಿಲ್ಲ.

ಮರುದಿನ ಕಮಲಾವತಿ ಶಾಲೆಗೆ ಹೋದ ಮೇಲೆ ನಿಪ್ಪಲನ್ನು ಡಬ್ಬಿಯಿಂದ ತೆಗೆದು ನೀರಿನಲ್ಲಿ ಕುದಿಸಿದಳು. ಬಾಯಿಗಿಟ್ಟರೆ ಮಗು ಉಗುಳಿ ಅವಳ ಎದೆಗೇ ಬಂತು. ಹೆತ್ತವರು ಮಕ್ಕಳಿಗೆ ಹಾಲು ಬಿಡಿಸುವಾಗ ಏನು ಮಾಡುತ್ತಾರೆ ಎಂಬುದು ಅವಳಿಗೂ ಗೊತ್ತಿತ್ತು. ಹಿತ್ತಿಲಿನ ಕಹಿಬೇವಿನ ನಾಲ್ಕೆಲೆ ಕೊಯ್ದು, ಅರೆದು, ತನ್ನ ಎದೆಗೆ ಹಚ್ಚಿಕೊಂಡಳು. ಹೆರದೆ, ಹಾಲೂಡದೆ, ಬಿಡಿಸುವ ಕೆಲಸವೊಂದು ಅವಳ ಪಾಲಿಗೆ ಬಂತು.

ನೀಲು ಬಾಯಿ ಹಾಕಿ ಮುಖ ಹಿಂಡಿ, ತಲೆ ಎತ್ತಿ ಅವಳನ್ನೇ ನೋಡಿತು. ಆ ನೋಟ ಅವಳಿಗೆ ತಡೆಯಲಾಗಲಿಲ್ಲ. "ಅಯ್ಯೋ ನನ್ನ ಚಿನ್ನವೇ," ಎಂದು ಮಗುವಿಗಿಂತ ಜೋರಾಗಿ ಅತ್ತಳು. ಕೊನೆಗೆ ಮಗು ರಬ್ಬರನ್ನೇ ಚೀಪಿ, ಬಿಕ್ಕುತ್ತಾ ಮಲಗಿತು. ಪೂವಮ್ಮ ಊಟವನ್ನೂ ಮಾಡದೆ ತೊಟ್ಟಿಲ ಬದಿಯಲ್ಲೇ ಕುಳಿತಿದ್ದಳು.

ಸಂಜೆ ಬಂದ ಕಮಲಾವತಿ ಮಗುವಿನ ಬಾಯಲ್ಲಿ ನಿಪ್ಪಲ್ ಕಂಡು ಹುಬ್ಬೇರಿಸಿದಳು.

"ಹಲ್ಲಿಗೆ ಎಂತ ಆಗುದಿಲ್ಲಂತೆ. ಇನ್ನು ಅದನ್ನೇ ಕೊಡುವ," ಎಂದಳು ಪೂವಮ್ಮ, ಸೆರಗನ್ನು ಕುತ್ತಿಗೆಯವರೆಗೆ ಹೊದ್ದುಕೊಂಡು.

ಕಮಲಾವತಿ ಮಗುವನ್ನೆತ್ತಿ, ನಿಪ್ಪಲ್ ತೆಗೆದು ಬಾಯಿಗೆ ಮುತ್ತಿಟ್ಟಳು. ತುಟಿಗೆ ಕಹಿ ಹತ್ತಿತು. ನಾಲಗೆಯಿಂದ ಸವರಿ ನೋಡಿದಳು: ಬೇವು. ತನ್ನ ತಾಯಿ ಕಿರಿಯ ತಮ್ಮನಿಗೆ ಹಾಲು ಬಿಡಿಸಿದ್ದನ್ನು ಕಣ್ಣಾರೆ ಕಂಡವಳು ಅವಳು. ಅತ್ತಿಗೆಯ ಊದಿದ ಕಣ್ಣು ನೋಡಿದಳು. ಇನ್ನೇನು ಕೇಳುವುದಿತ್ತು? ಪೂವಮ್ಮ ತಲೆ ತಗ್ಗಿಸಿ, ಬೈಗುಳಕ್ಕೆ ಕಾದು ನಿಂತಳು.

ಕಮಲಾವತಿ ಅಲ್ಲೇ ಕುಳಿತು ಮಗುವಿಗೆ ಹಾಲು ಕೊಟ್ಟಳು. ಮಗು ಗಟಗಟ ಕುಡಿಯಿತು. ತಲೆ ಎತ್ತದೆಯೇ ಅವಳು ಹೇಳಿದಳು:

"ಅತ್ತಿಗೆ, ಬಚ್ಚಲಿಗೆ ಹೋಗಿ ಆ ಬೇವನ್ನು ತೊಳ್ಕೊಳ್ಳಿ. ನಾಳೆ ನಾನು ಶಾಲೆಗೆ ಹೋದ ಮೇಲೆ ಇವಳು ಪುನಃ ನಿಮ್ಮನ್ನೇ ಅಲ್ವಾ ಕೇಳುದು?"