ಮೈಕಮ್ಮನ ಪ್ರಾರ್ಥನೆ

ಆ ಚರ್ಚಿನ ಸಭೆಯಲ್ಲಿ ಮೈಕು ಕೆಟ್ಟರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮೈಕಮ್ಮ ಇದ್ದಳಲ್ಲ! ಹೊಲಿಗೆ ಮಿಷನ್‌ಗಳ ಗಡಗಡದ ನಡುವೆ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಪಳಗಿದ ಗಂಟಲು ಅದು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವುದು ಅವಳ ಕಸುಬು. ಲೋಕದ ಜನರೆಲ್ಲರ ರಕ್ಷಣೆಗಾಗಿ ಪ್ರಾರ್ಥಿಸುವುದು ಅವಳ ಉಸಿರು. ಗುರುವಾರದ ಮನೆಕೂಟದಲ್ಲಿ ಪಾಸ್ಟರು "ಈಗ ಎಲ್ಲರಿಗಾಗಿ ಪ್ರಾರ್ಥನೆ" ಅಂದರೆ ಸಾಕು, ಮೊಣಕಾಲೂರಿ ಶುರು ಹಚ್ಚಿಕೊಳ್ಳುತ್ತಿದ್ದಳು. ಆಳುವವರು, ಜೈಲಿನಲ್ಲಿರುವವರು, ದೇವರೇ ಇಲ್ಲ ಎನ್ನುವವರು, ಒಬ್ಬರನ್ನೂ ಬಿಡುತ್ತಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹೆಸರು ಹಿಡಿದು, ಅವರವರ ಕಷ್ಟ ಬಿಡಿಸಿ ಹೇಳಿದರೇನೇ ಪ್ರಾರ್ಥನೆಗೆ ಬಲ ಎಂಬುದು ಅವಳ ಪಕ್ಕಾ ನಂಬಿಕೆ. ಎದುರುಮನೆ ಗಂಡ ಹೆಂಡಿರ ಜಗಳ, ಬೇಕರಿಯವನ ಮಗಳು ಫೇಲಾದದ್ದು, ಎಲ್ಲವೂ ಅಲ್ಲಿ ಹೊರಬೀಳುತ್ತಿತ್ತು. ಕೂತವರ ಕಣ್ಣು ಮುಚ್ಚಿರುತ್ತಿದ್ದವು ನಿಜ. ಕಿವಿ ಯಾರು ಮುಚ್ಚಿಕೊಳ್ಳುತ್ತಾರೆ ಹೇಳಿ?

ಅವಳಿಗೆ ತನ್ನವನು ಅಂತ ಇದ್ದದ್ದು ಒಬ್ಬ ತಮ್ಮ. ಅಮ್ಮ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಡ್ರೈವರಾಗಿದ್ದ. ಕುಡಿತಕ್ಕೆ ಬಿದ್ದು, ಹೆಂಡತಿ ತವರಿಗೆ ಹೊರಟುಹೋಗಿ, ಸಾಕುಸಾಕಾಗಿ, ಕಡೆಗೊಮ್ಮೆ ಕುಡಿತ ಬಿಟ್ಟು ಶಾಲೆಯೊಂದರ ಬಸ್ ಓಡಿಸುವ ಕೆಲಸ ಹಿಡಿದಿದ್ದ. ಮಕ್ಕಳು "ಡ್ರೈವರ್ ಮಾಮ" ಅಂತ ಮೇಲೆ ಬೀಳುತ್ತಿದ್ದರು. ಅವನು ಒಂದು ಸಂಜೆ ಅಂಗಡಿಗೆ ಬಂದು, ಕತ್ತರಿಸಿ ಉಳಿದ ಬಟ್ಟೆಯ ರಾಶಿಯ ಪಕ್ಕದಲ್ಲಿ ಕೂತ.

"ಅಕ್ಕಾ, ನಿನ್ನೆ ರಜಾ ಇತ್ತಲ್ಲ, ಒಂದು ಗ್ಲಾಸ್ ತಗೊಂಡ್ಬಿಟ್ಟೆ. ಒಂದೇ. ಯಾಕೋ ಭಯ ಆಗ್ತಿದೆ. ಯಾರಿಗೂ ಹೇಳ್ಬೇಡ, ನಿನ್ನ ಹೊಟ್ಟೇಲೇ ಇಟ್ಕೋ."

"ನಾನ್ಯಾಕೆ ಹೇಳ್ಲಿ? ನಿಂಗೋಸ್ಕರ ಪ್ರಾರ್ಥನೆ ಮಾಡ್ತೀನಿ ಬಿಡು."

ಮಾಡಿದಳು. ಆ ಗುರುವಾರವೇ ಮಾಡಿದಳು. "ತಂದೆಯೇ, ಶಾಲೆ ಬಸ್ ಓಡಿಸೋ ನನ್ನ ತಮ್ಮ ಮತ್ತೆ ಗ್ಲಾಸ್ ಮುಟ್ಟಿದ್ದಾನೆ, ಅವನ ಕೈ ಬಿಡಬೇಡ" ಎಂದು ಅತ್ತು ಕರೆದು ಬೇಡಿದಳು. ಎಲ್ಲರೂ ಆಮೆನ್ ಅಂದರು. ಆಮೆನ್ ಅಂದವರಲ್ಲಿ ಆ ಶಾಲೆಯ ಮ್ಯಾನೇಜರನ ಹೆಂಡತಿಯೂ ಇದ್ದಳು. ಸೋಮವಾರ ಬಸ್ಸಿನ ಕೀ ಬೇರೊಬ್ಬನ ಕೈಗೆ ಹೋಯಿತು. ಆ ಹೆಂಗಸಿನದು ತಪ್ಪು ಅನ್ನುವ ಹಾಗೂ ಇಲ್ಲ. ಬಸ್ಸಿನ ತುಂಬ ಮಕ್ಕಳಲ್ಲವೇ?

"ದೇವರಿಗೆ ಮಾತ್ರ ಹೇಳಿದ್ರೆ ಸಾಲ್ತಿರ್ಲಿಲ್ವಾ ಅಕ್ಕಾ?"

ತಮ್ಮ ಅಂದದ್ದು ಇಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಮೇಲೆ ಅವಳ ಕಡೆ ಬರುವುದನ್ನೇ ಬಿಟ್ಟ. ಗ್ಯಾರೇಜಿನಲ್ಲಿ ಗಾಡಿ ತೊಳೀತಾನಂತೆ, ದಿನಾ ಕುಡೀತಾನಂತೆ ಎಂಬ ಸುದ್ದಿ ಮಾತ್ರ ಬರುತ್ತಿತ್ತು. ಮೈಕಮ್ಮ ಊರವರಿಗೆಲ್ಲ ರಕ್ಷಣೆ ಕೇಳುತ್ತ ಒಡಹುಟ್ಟಿದವನನ್ನು ನಾನೇ ಹಳ್ಳಕ್ಕೆ ತಳ್ಳಿದೆನಲ್ಲಾ ಎಂದು ಒಳಗೊಳಗೇ ಬೆಂದಳು. ಕೂಟದಲ್ಲಿ ಪಾಸ್ಟರು ಕರೆದರೆ "ಗಂಟಲು ಸರಿಯಿಲ್ಲ" ಅಂತ ಜಾರಿಕೊಂಡಳು.

ಕೊನೆಗೆ ತಡೆಯಲಾರದೆ ಒಂದು ಮಧ್ಯಾಹ್ನ ಅವನನ್ನು ಹುಡುಕಿಕೊಂಡು ಹೋದಳು. ಗ್ಯಾರೇಜಿನ ಮೇಲೊಂದು ಕೋಣೆ. ಮಂಚ, ಬಕೆಟ್ಟು, ಹಗ್ಗದ ಮೇಲೆ ಗುಂಡಿ ಕಿತ್ತ ಒದ್ದೆ ಶರ್ಟು. ಅವಳ ಕೈ ಅದರತ್ತ ಹೋಗಿ ಹಿಂದಕ್ಕೆ ಬಂತು.

"ತಪ್ಪಾಯ್ತು ಕಣೋ," ಅಂದಳು.

"ಹೋಗ್ಲಿ ಬಿಡು."

"ಇಲ್ಲೇ ಒಂದು ಪ್ರಾರ್ಥನೆ ಮಾಡ್ಲಾ?"

ತಮ್ಮ ನಕ್ಕುಬಿಟ್ಟ. "ಮಾಡು. ಆದ್ರೆ ಮನಸ್ಸಲ್ಲೇ ಮಾಡು. ನಂಗೂ ಕೇಳಿಸ್ಬಾರ್ದು."

ಕಣ್ಣು ಮುಚ್ಚಿದಳು. ಅಯ್ಯೋ, ದನಿಯಿಲ್ಲದೆ ಪ್ರಾರ್ಥಿಸುವುದನ್ನು ಅವಳು ಕಲಿತೇ ಇರಲಿಲ್ಲ! "ಎಲ್ಲರನ್ನೂ ರಕ್ಷಿಸು" ಎಂಬುದೊಂದು ಒಳಗೆ ಹೊರಟಿತು. ಅದರ ಮುಂದೆ ಒಂದು ಮಾತೂ ಏಳಲಿಲ್ಲ. ತಡಕಾಡಿ ತಡಕಾಡಿ ಕಣ್ಣು ಬಿಟ್ಟರೆ ಮಂಚ ಖಾಲಿ. ಕಿಟಕಿಯಿಂದ ನೋಡಿದಳು. ತಮ್ಮ ಬೀದಿ ದಾಟಿ ಮೂಲೆಯ ಸಾರಾಯಿ ಅಂಗಡಿಯ ಕಡೆ ನಡೆದಿದ್ದ. ಒಂದು ಕೂಗು ಹಾಕಿದ್ದರೆ ನಿಲ್ಲುತ್ತಿದ್ದನೋ ಏನೋ. ಆದರೆ ಇಡೀ ಬೀದಿಗೆ ಕೇಳುತ್ತಿತ್ತು. ಬಾಯಿಗೆ ಕೈ ಅಡ್ಡ ಹಿಡಿದು, ನೋಯುವ ಮಂಡಿ ಎಳೆದುಕೊಂಡು ಮೆಟ್ಟಿಲಿಳಿದಳು.

ಅವಳು ಅಲ್ಲಿಗೆ ತಲುಪುವಷ್ಟರಲ್ಲಿ ಗ್ಲಾಸ್ ಅವನ ಮುಂದಿತ್ತು. ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವರಲ್ಲಿ ಎಷ್ಟೋ ಜನರ ಮಕ್ಕಳಿಗೆ ಸಮವಸ್ತ್ರ ಹೊಲಿದುಕೊಟ್ಟವಳು ಇವಳೇ. ಮೈಕಮ್ಮ ಬೆಂಚಿನ ಮೇಲೆ ತಮ್ಮನ ಪಕ್ಕಕ್ಕೆ ಹೋಗಿ ಕೂತಳು.

"ಏಳು ಅಕ್ಕಾ, ಜನ ನೋಡ್ತಿದ್ದಾರೆ. ನಾಳೆ ಸಭೆಗೆಲ್ಲ ಗೊತ್ತಾಗತ್ತೆ."

"ಗೊತ್ತಾಗ್ಲಿ," ಅಂದಳು, ಅವನಿಗಷ್ಟೇ ಕೇಳುವ ಹಾಗೆ.

ಅವನು ಗ್ಲಾಸನ್ನು ತಿರುಗಿಸುತ್ತ ಎಷ್ಟೋ ಹೊತ್ತು ಕೂತ. ಆಮೇಲೆ ಕುಡಿದ. ಅವಳು ಏಳಲಿಲ್ಲ.