ಬಂದ್ ದಿನ ದೋಬಿಯ ಅಂಗಡಿ ಮುಂದೆ

ಸುಳಿವು ಕೊಡದೆ ಬ್ಯಾಂಕ್ ಶಾಖೆಯೊಂದರ ಇನ್‌ಸ್ಪೆಕ್ಷನ್ ಮಾಡಲು ಕಲ್ಕತ್ತಕ್ಕೆ ಹೋಗಿದ್ದೆ. ಹೋಟೆಲಿನ ಲಾಂಡ್ರಿ ದುಬಾರಿಯೆಂದು ಗರಿಯಾಹಾಟಿನ ದೋಬಿಯೊಬ್ಬನಿಗೆ ಪ್ಯಾಂಟು, ಶರ್ಟು ಎಲ್ಲ ಕೊಟ್ಟೆ. ಮರುದಿನ ಬಂದ್. ಲುಂಗಿ, ಬನಿಯನ್ನಿನಲ್ಲೇ ಹೋದೆ. ಅಂಗಡಿಗೆ ಬೀಗ, ದೋಬಿ ಅದರ ಮುಂದೆಯೇ ಕೇರಂ ಆಡುತ್ತಿದ್ದ.

“ಬಟ್ಟೆ ರೆಡಿ ಇದೆ ದಾದಾ. ಇವತ್ತು ಬಾಗಿಲು ಮಾತ್ರ ತೆಗೆಯೋ ಹಾಗಿಲ್ಲ,” ಎಂದ ಹಿಂದಿಯಲ್ಲಿ. “ಹೋಗೋದಾದರೂ ಎಲ್ಲಿಗೆ? ಕೂತ್ಕೊಳ್ಳಿ.”

ನನ್ನ ಹಾಗೆಯೇ ಬಟ್ಟೆಗೆಂದು ಲುಂಗಿಯಲ್ಲಿ ಬಂದಿದ್ದವರೊಬ್ಬರು ಸರಿದು ಜಾಗ ಕೊಟ್ಟರು. ಸಂಜೆವರೆಗೂ ಆಡಿದೆವು. ಪ್ರತಿ ಸಲ ಕ್ವೀನ್ ಅವರಿಗೇ ಬಿತ್ತು. ನಾನು ಜಗಳವನ್ನೂ ಆಡಿದೆ.

ಮರುದಿನ ಬೆಳಿಗ್ಗೆ ಬಟ್ಟೆ ಇಸಿದುಕೊಂಡು ನೇರ ಶಾಖೆಗೆ ಹೋದರೆ, ಮ್ಯಾನೇಜರ್ ಕುರ್ಚಿಯಲ್ಲಿ ಅವರೇ. ಇಬ್ಬರ ಶರ್ಟಿನಲ್ಲೂ ಒಂದೇ ದೋಬಿಯ ಗಂಜಿ.

ನನ್ನ ಇನ್‌ಸ್ಪೆಕ್ಷನ್ ಆದೇಶ ಓದಿ, “ಊರಿಗೆ ಯಾವಾಗ ಬಂದಿರಿ ಸರ್?” ಎಂದರು.

“ಈಗಷ್ಟೇ,” ಎಂದೆ.