ಮೊದಲ ಸಾಲು ಎತ್ತುವುದು

ಈಗ ನೆನೆದರೆ ಆ ಮೂರು ತಿಂಗಳನ್ನು ಎಚ್ಚರದಲ್ಲಿ ಕಳೆದೆನೋ ಜೊಂಪಿನಲ್ಲಿ ಕಳೆದೆನೋ ಹೇಳಲಾರೆ. ಸಿಂದಗಿಯಿಂದ ಇಂಡಿ ಊರಿಗೆ ಹೋಗುವ ಬಸ್ಸು ಹಿಡಿದು, ನಡುವೆ ಇಳಿದು, ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳುವ ಮಾಸ್ತರ ನಾನು. ನಮ್ಮ ಶಾಲೆಗೆ ಎಂಟು ಕಂಪ್ಯೂಟರ್ ಬಂದು ಕೂತಿದ್ದವು, ಕಲಿಸುವವರು ಇರಲಿಲ್ಲ. ಹುಡುಗರು ಹೊದಿಕೆ ಎತ್ತಿ ಇಣುಕಿ, "ಸರ, ಇವನ್ನ ಯಾವಾಗ ಚಾಲೂ ಮಾಡೂದ್ರಿ?" ಎಂದು ದಿನವೂ ಕೇಳುತ್ತಿದ್ದರು.

"ದಸರಾ ಸೂಟಿ ಬಿಡೂಕಿಂತ ಮೊದ್ಲ ಶಿಕ್ಷಣ ಇಲಾಖೆ ಸಾಹೇಬ್ರು ನೋಡಾಕ ಬರ್ತಾರ್ರಿ. ಪ್ರೋಗ್ರಾಂ ಕಲಿಸೋ ಮಾಸ್ತರ ಇಲ್ಲಂದ್ರ ಎಲ್ಲಾ ಮಷೀನ್ ಬ್ಯಾರೆ ಊರ ಸಾಲಿಗಿ ಹೋಗ್ತಾವು," ಎಂದರು ಹೆಡ್‌ಮಾಸ್ತರರು.

"ನಾ ಕಲೀತೇನ್ರಿ," ಅಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ನನಗಿಂತ ಮುಂದೆ ಓಡುತ್ತದೆ.

ಹೇಗೆ ಕಲಿಯುವುದು? ದಪ್ಪ ಇಂಗ್ಲಿಷ್ ಪುಸ್ತಕ ತಂದೆ. ಎರಡನೇ ಪುಟಕ್ಕೇ ಆಕಳಿಕೆ. ವಿಜಯಪುರದ ರವಿವಾರದ ಕ್ಲಾಸು ದೂರ. ಕೊನೆಗೆ ಮೊಬೈಲಿನ ವಿಡಿಯೋ ಹಿಡಿದೆ. ಆಹಾ, ಎಂಥ ಸುಖ! ಬಸ್ಸಿನ ಕಿಟಕಿಯಾಚೆ ತೊಗರಿ ಹೊಲಗಳು ಹಿಂದಕ್ಕೆ ಸರಿಯುತ್ತಿದ್ದವು, ಕಿವಿಯಲ್ಲಿ ಯಾರದೋ ಮೆಲುದನಿ ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಹೇಳಿಕೊಡುತ್ತಿತ್ತು. ಕಣ್ಣು ಮುಚ್ಚಿದರೆ ಅಕ್ಷರಗಳೆಲ್ಲ ಹೊಲದೊಳಗೆ ನಡೆದಾಡಿದಂತಾಗುತ್ತಿತ್ತು. ನಾನು ಹೌದು ಹೌದು ಎಂದು ಗೋಣು ಹಾಕುತ್ತಿದ್ದೆ. ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು, "ಯಾರ ಕೂಡ ಮಾತಾಡಾಕತ್ತಿಯಪಾ?" ಎಂದು ನಕ್ಕಳು. ಮನೆಗೆ ಬಂದು ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿದೆ. ಎರಡು ನೋಟ್‌ಬುಕ್ ತುಂಬಿದಾಗ ಬಂತು ಬಿಡು ಅಂದುಕೊಂಡೆ.

ಶ್ರಾವಣದ ಒಂದು ಸೋಮವಾರ, ಅಗರಖೇಡದಲ್ಲಿರುವ ಕಾಕಾನ ಮನೆಗೆ ಭಜನೆಗೆ ಹೋದೆ. ನಮ್ಮಲ್ಲಿ ಒಬ್ಬರು ಸಾಲು ಎತ್ತುತ್ತಾರೆ, ಉಳಿದವರು ಹಿಂದೆ ಹಾಡುತ್ತಾರೆ. ಕಾಕಾ ಎತ್ತುವವನು, ನಾನು ಸಣ್ಣವನಿದ್ದಾಗಿನಿಂದಲೂ ಹಿಂದೆ ಹಾಡುವವನು. ಅಂದು ಕಾಕಾನಿಗೆ ಕೆಮ್ಮು ಬಂದು, "ಎತ್ತೋ ತಮ್ಮಾ ನೀ," ಎಂದ. ಬಾಯಿ ತೆರೆದೆ. ಪದವೇ ಇಲ್ಲ! ನೂರು ಸಲ ಹಾಡಿದ ಪದ. ತಾಳ ನಿಂತಿತು, ಎಲ್ಲರೂ ನನ್ನನ್ನೇ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಹಿಂದ ಹಾಡಿದ್ದು ಬಂದಂಗ ಅನಸ್ತೈತಿ, ಬಂದಿರೂದಿಲ್ಲ," ಎಂದ ಕಾಕಾ. "ತಪ್ಪಲಿ, ಮೊದ್ಲ ನೀ ಎತ್ತು. ತಿದ್ದಾಕ ನಾವ ಅದೇವಲ್ಲ."

ಮರುದಿನ ಶಾಲೆ ಬಿಟ್ಟ ಮೇಲೆ ಒಂದು ಕಂಪ್ಯೂಟರ್ ಚಾಲೂ ಮಾಡಿ, ವಿಡಿಯೋ ಇಲ್ಲದೆ, ನೋಟ್‌ಬುಕ್ ಇಲ್ಲದೆ ಕೂತೆ. ಭಜನೆಯಲ್ಲಿ ಆದದ್ದೇ ಆಯಿತು. ಖಾಲಿ ಪರದೆ, ಖಾಲಿ ತಲೆ. ನನ್ನ ಮೇಲೆ ನನಗೇ ಸಿಟ್ಟು ನೆತ್ತಿಗೇರಿತು. ಊರ ಮಕ್ಕಳಿಗೆಲ್ಲ ಗಿಣಿಪಾಠ ಮಾಡಬೇಡಿರೋ ಎಂದು ಒದರುವ ಮಾಸ್ತರ ತಾನೇ ಗಿಣಿಯಾಗಿದ್ದ! ಅಂದಿನಿಂದ ಕ್ರಮ ತಿರುಗಿಸಿದೆ. ಮೊದಲು ನಾನೇ ಬರೆಯುವುದು, ಮಷೀನಿನಿಂದ ಕೆಂಪಕ್ಷರದಲ್ಲಿ ಬೈಸಿಕೊಳ್ಳುವುದು, ತಪ್ಪು ಹುಡುಕುವುದು. ವಿಡಿಯೋ ನೋಡುವುದು ಆಮೇಲೆ. ಮೈಮರೆಸುವ ಆ ಸುಖ ಹೋಯಿತು. ವಾರಕ್ಕೆ ಹತ್ತು ಸಾಲು ಬಂದರೆ ಹೆಚ್ಚು.

ಸಾಹೇಬರು ಬಂದ ದಿನ ಹುಡುಗರೆಲ್ಲ ಗೋಡೆಗೆ ಒತ್ತಿ ನಿಂತಿದ್ದರು. "ವಾರದ ಮಳಿ ಲೆಕ್ಕಾ ಕೊಟ್ರ, ಯಾವ ದಿನ ಹೆಚ್ಚಾಗೇತಿ ಅಂತ ಮಷೀನ್ ಹೇಳಬೇಕು. ಬರದು ತೋರಸ್ರಿ," ಎಂದರು ಸಾಹೇಬರು. ನಾನು ಎಂದೂ ಬರೆದಿರದ ಲೆಕ್ಕ. ಕುರ್ಚಿ ಎಳೆದು ಕೂತೆ. ಬರೆದೆ, ತಪ್ಪು. ತಿದ್ದಿದೆ, ಮತ್ತೆ ತಪ್ಪು. ಮೂರನೆಯ ಸಲ, ಹೆಚ್ಚು ಮಳೆಯಾದ ಸೋಮವಾರವೊಂದರ ಬದಲು ಎಲ್ಲ ದಿನಗಳ ಹೆಸರೂ ಬಂದವು. ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು. ನಾಲ್ಕನೆಯ ಸಲ ಪರದೆಯ ಮೇಲೆ ಸೋಮವಾರವೊಂದೇ ನಿಂತಿತು.

"ಮೂರು ಸಲ ತಪ್ಪಿದ್ರಲ್ರಿ ಮಾಸ್ತರ," ಎಂದರು ಸಾಹೇಬರು.

"ಹೌದ್ರಿ. ಹುಡುಗರ ಮುಂದನ ತಪ್ಪಿದೆ, ಅವರ ಮುಂದನ ತಿದ್ದಿದೆ."

ಅವರು ಗೋಡೆಯ ಕಡೆ ನೋಡಿದರು. ಒಬ್ಬರೂ ನಗುತ್ತಿರಲಿಲ್ಲ, ಎಲ್ಲರ ಕಣ್ಣೂ ಪರದೆಯ ಮೇಲಿತ್ತು. "ಹಂಗಾರ ಮಷೀನ್ ಇಲ್ಲೇ ಇರ್ಲಿ," ಎಂದು ಕಾಗದಕ್ಕೆ ಸಹಿ ಹಾಕಿದರು.

ನಾನು ಅಲ್ಲೇ, ಕುರ್ಚಿಯಲ್ಲೇ ಕೂತು ಅತ್ತುಬಿಟ್ಟೆ. ಅದನ್ನೂ ಹುಡುಗರು ನೋಡಿದರು.